ಪದ್ಮಿನಿಯ ಹೊಟ್ಟೆಗಂಟಿದ ಡಾಂಬರು ಬಿಡಿಸುವ ಬಗೆ

ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿಗೆ ಬೇರೆ ಚಾಸಿ (ಅಡಿಯ ಚೌಕಟ್ಟು) ಇಲ್ಲ, ತಗಡಿನ ಮೈಯೇ ಅದರ ಎಲುಬು. ಫ್ಲೋರ್‌ಗೆ, ಬಾಗಿಲಡಿಯ ಟೊಳ್ಳು ತಗಡಿನ ಪೆಟ್ಟಿಗೆಗಳಿಗೆ ತುಕ್ಕು ಹಿಡಿದರೆ ಗಾಡಿಯ ಬಲವೇ ಹೋಗುತ್ತದೆ. ಆ ತುಕ್ಕನ್ನು ಕಣ್ಣಿಗೆ ಬೀಳದಂತೆ ಮುಚ್ಚಿಟ್ಟಿರುವುದು ವರ್ಷಗಟ್ಟಲೆ ಒಂದರ ಮೇಲೊಂದು ಬಳಿದ ಡಾಂಬರು ಕೋಟಿಂಗ್. ಮೇಲಿನ ಬಣ್ಣಕ್ಕೆ ವಾರಗಟ್ಟಲೆ ಬೆವರು ಹರಿಸುವವರೂ ಕೆಳಭಾಗವನ್ನು ಗ್ರೈಂಡರ್ ಹಿಡಿದು ಅರ್ಧ ದಿನದಲ್ಲಿ ಮುಗಿಸಲು ಹೋಗುತ್ತಾರೆ. ಕೆಲಸ ಕೆಡುವುದು ಅಲ್ಲೇ.

ಹಂತ 1: ಬಂಪರ್, ದೀಪ, ಬೀಡಿಂಗ್, ಗಾಜು, ಸೀಟು, ಮ್ಯಾಟ್ ಎಲ್ಲ ಬಿಚ್ಚಿ. ಬ್ಯಾಟರಿ ಮತ್ತು ಪೆಟ್ರೋಲ್ ಟ್ಯಾಂಕ್ ಶೆಡ್ಡಿನಿಂದಲೇ ಹೊರಗೆ ಹೋಗಲಿ. ಗಾಡಿ ನಾಲ್ಕು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಬೇಕು. ಬರೀ ಜಾಕ್ ನಂಬಿ ಅಡಿಗೆ ಹೋಗಲೇಬೇಡಿ.

ಹಂತ 2: ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಮೈಮೇಲೆಲ್ಲ ಆಡಿಸಿ. ಅದು ಹಿಡಿಯದೆ ಜಾರುವ ಕಡೆ ಒಳಗೆ ದಪ್ಪ ಪುಟ್ಟಿ (ತಗ್ಗು ಮುಚ್ಚುವ ಲೇಪ) ತುಂಬಿದೆ ಎಂದರ್ಥ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬಣ್ಣವನ್ನು 80 ನಂಬರ್ ಉಜ್ಜುಕಾಗದದಲ್ಲಿ ನೀರು ಹಾಕಿ ಗೀರಿ, ಒರೆಸಿ, ನೆರಳಿನಲ್ಲಿ, ಎರಡಡಿ ಚೌಕದಷ್ಟಕ್ಕೆ ಪೇಂಟ್ ರಿಮೂವರ್ ದಪ್ಪಗೆ ಹಚ್ಚಿ ಪ್ಲಾಸ್ಟಿಕ್ ಹಾಳೆ ಹೊದಿಸಿ. 15–20 ನಿಮಿಷದಲ್ಲಿ ಬಣ್ಣ ಸುಕ್ಕಾಗಿ ಏಳುತ್ತದೆ. ತಗಡಿನ ಜೋಡಣೆಯಿಂದ ಒಂದಿಂಚು ದೂರವಿರಿ: ಸಂದಿಗೆ ಇಳಿದ ರಿಮೂವರ್ ಹೊಸ ಬಣ್ಣ ಹೊಡೆದ ಮೇಲೆ ಗುಳ್ಳೆಯಾಗಿ ಹೊರಬರುತ್ತದೆ. ಆ ಅಂಚುಗಳನ್ನು ಕೈಯಲ್ಲೇ, ನೀರು ಹಾಕಿ ಉಜ್ಜಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣ ಧೂಳು ಎಬ್ಬಿಸಬೇಡಿ. ಮೆಥಿಲೀನ್ ಕ್ಲೋರೈಡ್ ಇರುವ ರಿಮೂವರ್ ಡಬ್ಬಿಯನ್ನು ಮುಚ್ಚಿದ ಶೆಡ್ಡಿನಲ್ಲಿ ತೆರೆಯಲೇಬಾರದು. ಅದರ ಆವಿ ಜೀವ ತೆಗೆದಿರುವುದುಂಟು, ತೆಳು ಕೈಗವಸನ್ನು ಅದು ನಿಮಿಷಗಳಲ್ಲಿ ದಾಟುತ್ತದೆ. ಬಾನೆಟ್, ಟಾಪ್, ಬಾಗಿಲುಗಳನ್ನು ಮರಳು ಊದುವ ಸ್ಯಾಂಡ್‌ಬ್ಲಾಸ್ಟಿಂಗ್‌ಗೆ ಕೊಡಬೇಡಿ, ಚಪ್ಪಟೆ ತಗಡು ಏಟಿಗೆ ಹಿಗ್ಗಿ ಅಲೆಯಾಗುತ್ತದೆ. ಸಸ್ಪೆನ್ಷನ್ ಭಾಗಗಳಿಗಾದರೆ ಸರಿ.

ಹಂತ 3: ಈಗ ಡಾಂಬರು. ತಿರುಗುವ ತಂತಿ ಬ್ರಷ್ಷಿನ ಬಿಸಿಗೆ ಅದು ಕರಗಿ, ಶುಚಿಯಾದ ತಗಡಿಗೂ ಸಂದಿಗಳಿಗೂ ಮೆತ್ತಿಕೊಳ್ಳುತ್ತದೆ. ಬ್ಲೋಲ್ಯಾಂಪ್ ಇನ್ನೂ ಕೆಟ್ಟದ್ದು. ಉರಿ ಹತ್ತುತ್ತದೆ, ತಗಡು ಸೊಟ್ಟಗಾಗುತ್ತದೆ.

ಮೊದಲು ಬೆಳಗಿನ ತಂಪಿನಲ್ಲಿ, ಒಣಗಿ ಬಿರುಕು ಬಿಟ್ಟಿರುವ ಕಡೆ ಮೊಂಡು ಉಳಿಯಿಂದ ಮೆಲ್ಲಗೆ ತಟ್ಟಿ. ಬಿಡುವಷ್ಟು ಚೂರಾಗಿ ಉದುರಿಬಿಡಲಿ. ಅಂಟಿಕೊಂಡಿದ್ದಕ್ಕೆ ಮಾತ್ರ ಬಿಸಿಗಾಳಿ ಊದುವ ಹೀಟ್ ಗನ್. ಬ್ರೇಕ್ ಪೈಪು, ವೈರು, ರಬ್ಬರ್ ಬುಷ್‌ಗಳನ್ನು ಬಿಚ್ಚಿ. ಒಳಗಡೆಯ ಫೆಲ್ಟ್ ಕಿತ್ತು ಹಾಕಿ, ಇಲ್ಲದಿದ್ದರೆ ಅದು ಮೇಲೆ ಸದ್ದಿಲ್ಲದೆ ಹೊಗೆಯಾಡುತ್ತದೆ. ಗನ್ ಅರ್ಧ ಗೇಣು ದೂರದಲ್ಲಿರಲಿ, ಒಂದು ಸಲಕ್ಕೆ ಅಂಗೈಯಗಲ ಸಾಕು. ಡಾಂಬರು ಹೊಳಪೇರಿ, ಬ್ಲೇಡ್ ಒತ್ತಿದರೆ ತಗ್ಗುವಷ್ಟು ಮೆತ್ತಗಾದರೆ ಅದೇ ಹದ. ಹೊಗೆ ಬಂತೆಂದರೆ ಹದ ಮೀರಿತು. ಮೂಲೆ ಉಜ್ಜಿ ದುಂಡಗೆ ಮಾಡಿದ ಪುಟ್ಟಿ ಬ್ಲೇಡನ್ನು ತಗಡಿಗೆ ಮಲಗಿಸಿದಂತೆ ಹಿಡಿದು ತಳ್ಳಿ, ಪ್ರತಿ ಸಲವೂ ಬ್ಲೇಡ್ ಒರೆಸಿ. ತಲೆಯ ಮೇಲಿನ ಕೆಲಸ ಇದು: ಕನ್ನಡಕ, ತುಂಬುತೋಳಿನ ಹತ್ತಿ ಅಂಗಿ, ಚರ್ಮದ ಕೈಗವಸು ಬೇಕೇಬೇಕು.

ಉಳಿದ ಕಂದು ಪೊರೆಯನ್ನು ಬಿಟ್ಟರೆ ಮುಂದೆ ಅದು ಬಣ್ಣದೊಳಗಿಂದ ಕಲೆಯಾಗಿ ಮೇಲೇಳುತ್ತದೆ. ಗನ್ ಆರಿಸಿ, ತಗಡು ಪೂರ್ತಿ ತಣ್ಣಗಾದ ಮೇಲೆ ಟರ್ಪೆಂಟೈನ್‌ನಲ್ಲಿ ಒರೆಸಿ, ಬಿಳಿ ಬಟ್ಟೆ ಬಿಳಿಯಾಗಿಯೇ ಬರುವವರೆಗೆ ಬಟ್ಟೆ ಬದಲಿಸುತ್ತಿರಿ. ಸೀಮೆಎಣ್ಣೆ ಅಗ್ಗವೆಂದು ಬಳಸಿದರೆ ಜಿಡ್ಡು ಉಳಿಯುತ್ತದೆ, ಕೊನೆಗೆ ಗ್ರೀಸ್ ತೆಗೆಯುವ ದ್ರಾವಣದಲ್ಲಿ ಮತ್ತೊಮ್ಮೆ ಒರೆಸಬೇಕು.

ಹಂತ 4: ಸ್ಕ್ರೂಡ್ರೈವರ್‌ನಿಂದ ಜ್ಯಾಕ್ ಕೊಡುವ ಜಾಗ, ಫ್ಲೋರಿನ ಅಂಚುಗಳನ್ನು ಚುಚ್ಚಿ ನೋಡಿ. ತೂರಿ ಹೋದರೆ ಕತ್ತರಿಸಿ ಹೊಸ ತಗಡು ಬೆಸೆಯಲೇಬೇಕು. ಫೈಬರ್ ತೇಪೆ ಹಾಕಬೇಡಿ.

ಹಂತ 5: ಬೆತ್ತಲೆ ತಗಡಿಗೆ ಮಳೆಗಾಲದ ಮಂಗಳೂರಿನಲ್ಲಿ ರಾತ್ರಿ ಕಳೆಯುವುದರೊಳಗೆ ತುಕ್ಕು ಬರುತ್ತದೆ. ಅಂದಂದು ಬಿಡಿಸಿದಷ್ಟಕ್ಕೆ ಅಂದೇ ಎರಡು ಡಬ್ಬಿಯದನ್ನು ಬೆರೆಸುವ ಎಪಾಕ್ಸಿ ಪ್ರೈಮರ್ ಹೊಡೆಯಿರಿ, ಬೆರಕೆ ಡಬ್ಬಿಯ ಮೇಲೆ ಬರೆದಂತೆಯೇ. ಬರೀ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ತಿಂಗಳು ಬಿಟ್ಟರೆ ನೀರು ಅದರೊಳಗೇ ಇಳಿಯುತ್ತದೆ. ಪ್ರೈಮರ್ ಗಟ್ಟಿಯಾದ ಮೇಲೆ ಜೋಡಣೆಗಳಿಗೆ ಸಂದಿ ಮುಚ್ಚುವ ಸೀಮ್ ಸೀಲರ್, ಆಮೇಲಷ್ಟೇ ತೆಳ್ಳಗೆ ಹೊಸ ಅಂಡರ್‌ಕೋಟಿಂಗ್. ಬಾಗಿಲಿನ ಮತ್ತು ಅದರಡಿಯ ಪೆಟ್ಟಿಗೆಯ ನೀರು ಹೋಗುವ ತೂತುಗಳಿಗೆ ಕಡ್ಡಿ ಸಿಕ್ಕಿಸಿ ಹೊಡೆಯಿರಿ, ಒಣಗುವ ಮೊದಲೇ ಕಡ್ಡಿ ಎಳೆದುಬಿಡಿ.