ಮನೆ ಬದಲಿಸುವ ದಿನ: ಮೊದಲು ಲಿಫ್ಟ್, ಆಮೇಲೆ ಲಾರಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಿಸಿದ ಯಾರನ್ನಾದರೂ ಕೇಳಿ ನೋಡಿ. ಪ್ಯಾಕರ್ಸ್‌ನವರು ಫೋನಿನಲ್ಲಿ ಹೇಳಿದ ರೇಟು ಒಂದು, ಸಂಜೆ ಕೈಬಿಟ್ಟ ದುಡ್ಡು ಇನ್ನೊಂದು. ‘ಮೋಸ ಮಾಡಿದ್ರು’ ಎನ್ನುವುದು ಸಾಮಾನ್ಯ ದೂರು. ಕೆಲವು ಸಲ ಅದು ನಿಜವೇ. ಆದರೆ ಎಷ್ಟೋ ಸಲ ಹೆಚ್ಚಿನ ಬಿಲ್ಲು ಹುಟ್ಟುವುದು ಬರೀ ಕಾಯುವುದರಿಂದ. ಲಿಫ್ಟ್ ಸಿಗಲಿಲ್ಲ, ಬೀಗದ ಕೈ ಬರಲಿಲ್ಲ, ಗೇಟಿನಲ್ಲಿ ಸೆಕ್ಯುರಿಟಿಯವರು ಬಿಡಲಿಲ್ಲ. ಲಾರಿ ನಿಂತೇ ಇರುತ್ತದೆ, ನಾಲ್ಕು ಜನ ಹುಡುಗರು ನೆರಳಲ್ಲಿ ಕೂತಿರುತ್ತಾರೆ, ಸೂಪರ್‌ವೈಸರ್ ‘ವೇಟಿಂಗ್ ಚಾರ್ಜ್’ ಎಂಬ ಮಾತು ತೆಗೆಯುತ್ತಾನೆ. ಅವನ ಲೆಕ್ಕದಲ್ಲಿ ಅದು ನ್ಯಾಯವೇ. ಆ ಗಾಡಿಗೆ ಸಂಜೆ ಇನ್ನೊಂದು ಬಾಡಿಗೆ ಕಾದಿರುತ್ತದೆ.

ಹಾಗಾಗಿ ಲಾರಿ ಬುಕ್ ಮಾಡುವ ಮೊದಲು ಮುಗಿಸಬೇಕಾದ ಕೆಲಸಗಳಿಂದಲೇ ಶುರು ಮಾಡೋಣ.

ಎರಡೂ ಕಡೆಯ ಅನುಮತಿ

ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ ಒಂದಲ್ಲ, ಎರಡು: ಬಿಡುವ ಕಡೆಯದು, ಸೇರುವ ಕಡೆಯದು. ಬಿಡುವ ಕಡೆ ಮಾಲೀಕರ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲ ಎಂಬ ಪತ್ರ, ಇಲ್ಲದೆ ಗೇಟ್ ಪಾಸ್ ಸಿಗುವುದಿಲ್ಲ. ಮೇಂಟೆನೆನ್ಸ್ ಬಾಕಿ ಇದ್ದರೆ ಅದನ್ನು ಕಟ್ಟುವವರೆಗೂ ಲಾರಿ ಹೊರಗೆ ಹೋಗದು. ಮಾಲೀಕರು ಅಮೆರಿಕದಲ್ಲಿದ್ದರೆ ನೀವು ಬೆಳಿಗ್ಗೆ ಫೋನ್ ಮಾಡುವ ಹೊತ್ತಿಗೆ ಅವರಿಗೆ ರಾತ್ರಿ. ಒಂದು ವಾರ ಮೊದಲೇ ಇಮೇಲ್ ತರಿಸಿಕೊಂಡು ಆಫೀಸಿಗೆ ಕೊಟ್ಟು, ‘ತಲುಪಿದೆ’ ಎಂಬ ಉತ್ತರ ಪಡೆಯಿರಿ. ಸೇರುವ ಕಡೆ ಮೂವ್-ಇನ್ ಶುಲ್ಕ, ವಾಪಸ್ ಬರುವ ಠೇವಣಿ, ಬಾಡಿಗೆ ಕರಾರಿನ ಪ್ರತಿ ಕೇಳುವವರಿದ್ದಾರೆ. ಭಾನುವಾರ ಸಾಮಾನು ಬಿಡದ ಕಡೆಗಳೂ ಇವೆ. ಸರ್ವಿಸ್ ಲಿಫ್ಟನ್ನು ಹೆಸರು ಬರೆಸಿ ಹಿಡಿಯಬೇಕು. ಅದೇ ದಿನ ಇನ್ನೊಂದು ಕುಟುಂಬವೂ ಬರುತ್ತಿದೆಯೇ ಎಂದು ಕೇಳಿ. ಎರಡು ಮನೆಯ ಸೋಫಾ ಒಂದೇ ಲಿಫ್ಟಿನ ಮುಂದೆ ಸಾಲು ನಿಂತರೆ ಇಡೀ ದಿನ ಕೈತಪ್ಪಿತು.

ಹೊಸ ಮನೆಯ ಗೇಟು ಮುಚ್ಚುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ಎರಡು ಬೆಡ್‌ರೂಮಿನ ಮನೆ ಹೋಗುತ್ತಿದೆ ಎಂದುಕೊಳ್ಳಿ. ಅಲ್ಲಿ ಸಂಜೆ 5ರ ನಂತರ ಸಾಮಾನು ಇಳಿಸುವಂತಿಲ್ಲ. ಇಳಿಸಲು ಮೂರು ಗಂಟೆ ಇಟ್ಟುಕೊಂಡರೆ ಲಾರಿ 2ಕ್ಕೆ ಗೇಟಿನಲ್ಲಿರಬೇಕು. ಊರಿನ ಆ ತುದಿಯಿಂದ ಈ ತುದಿಗೆ ಎರಡು ಗಂಟೆ. ಅಂದರೆ 12ಕ್ಕೆ ಹೊರಡಬೇಕು. ಪ್ಯಾಕಿಂಗ್, ಲೋಡಿಂಗ್ ಎರಡೂ ಸೇರಿ ನಾಲ್ಕು ಗಂಟೆ. ಬೆಳಿಗ್ಗೆ 8ಕ್ಕೆ ಕೆಲಸ ಶುರುವಾಗಬೇಕು. ಈ ಲೆಕ್ಕದಲ್ಲಿ ಟೀ ಕುಡಿಯಲೂ ಬಿಡುವಿಲ್ಲ, ಹೆಬ್ಬಾಳದಲ್ಲಿ ಸಿಕ್ಕಿಬೀಳಲೂ ಬಿಡುವಿಲ್ಲ. ‘ಹತ್ತು ಗಂಟೆಗೆ ಬರ್ತೀವಿ ಸರ್’ ಎಂದವರಿಗೆ ನೀವು ಹೂಂ ಎಂದರೆ ಆ ದಿನ ಅಲ್ಲೇ ಕೆಟ್ಟಿತು. ಪುಸ್ತಕ, ಬಟ್ಟೆ, ಅಡುಗೆಮನೆಯ ಡಬ್ಬಿಗಳನ್ನು ಹಿಂದಿನ ಸಂಜೆಯೇ ಕಟ್ಟಿಟ್ಟರೆ ಒಂದೂವರೆ ಗಂಟೆ ಕೈಯಲ್ಲಿ ಉಳಿಯುತ್ತದೆ. ದೊಡ್ಡ ಲಾರಿಗಳಿಗೆ ಬೆಳಗಿನ, ಸಂಜೆಯ ದಟ್ಟಣೆಯ ಹೊತ್ತಿನಲ್ಲಿ ನಗರದೊಳಗೆ ನಿರ್ಬಂಧವೂ ಇರುತ್ತದೆ. ನಿಮ್ಮ ದಾರಿಗೆ, ಅವರ ಗಾಡಿಯ ಅಳತೆಗೆ ಅದು ಅನ್ವಯಿಸುತ್ತದೆಯೇ ಎಂದು ಬುಕಿಂಗ್ ದಿನವೇ ಕೇಳಿಕೊಳ್ಳಿ.

ಸ್ವತಂತ್ರ ಮನೆಯಾದರೆ ಲಿಫ್ಟಿನ ಜಾಗದಲ್ಲಿ ರಸ್ತೆ ಕಾಡುತ್ತದೆ. ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಅಡ್ಡರಸ್ತೆಗಳಲ್ಲಿ ಎರಡೂ ಬದಿ ಕಾರು ನಿಂತರೆ 14 ಅಡಿಯ ಲಾರಿ ತಿರುಗದು. ಮೇನ್‌ರೋಡಿನಲ್ಲಿ ನಿಲ್ಲಿಸಿ ಹೊತ್ತು ತರಬೇಕಾದರೆ ಆ ನಡಿಗೆಗೂ ರೇಟು. ರಸ್ತೆಯ ಫೋಟೊ, ಜೋತುಬಿದ್ದ ಕೇಬಲ್, ಮೆಟ್ಟಿಲಿನ ತಿರುವು, ಇವನ್ನು ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಫ್ರಿಜ್ಜು, ಡಬಲ್ ಕಾಟಿನ ಹಲಗೆ, ಸೋಫಾ ಆ ಮೆಟ್ಟಿಲಲ್ಲಿ ತಿರುಗುತ್ತವೆಯೇ ಎಂದು ಟೇಪು ಹಿಡಿದು ಅಳೆಯಿರಿ. ತಿರುಗದಿದ್ದರೆ ಬಾಲ್ಕನಿಯಿಂದ ಹಗ್ಗ ಕಟ್ಟಿ ಎಳೆಯಬೇಕು, ಅದರ ರೇಟನ್ನು ನಿಂತ ಕಾಲಲ್ಲಿ ಚೌಕಾಸಿ ಮಾಡಿ ಗೆದ್ದವರಿಲ್ಲ.

ದಿನ, ಮುಹೂರ್ತ

ತಿಂಗಳ ಕೊನೆಯ ಶನಿವಾರ, ಭಾನುವಾರ ಮತ್ತು ಶಾಲೆ ಶುರುವಾಗುವ ಮುಂಚಿನ ಮೇ ತಿಂಗಳು ಎಲ್ಲರಿಗೂ ಬೇಕಾದ ದಿನಗಳು. ಆಷಾಢದಲ್ಲಿ ಮನೆ ಬದಲಿಸುವುದಿಲ್ಲ ಎನ್ನುವವರೇ ಹೆಚ್ಚು. ನಿಮಗೆ ಆ ನಂಬಿಕೆ ಇಲ್ಲದಿದ್ದರೆ ಚೌಕಾಸಿಗೆ ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ನಂಬಿಕೆ ಇದ್ದವರಿಗೂ ದಾರಿಯಿದೆ. ಒಳ್ಳೆಯ ದಿನ ನೋಡಿ ಹಾಲುಕ್ಕಿಸಿ, ದೇವರ ಫೋಟೊ, ಅಕ್ಕಿ, ಉಪ್ಪು ಇಟ್ಟು ಬನ್ನಿ. ಸಾಮಾನು ಸರಂಜಾಮನ್ನು ಮುಂದಿನ ವಾರದ ಬುಧವಾರಕ್ಕೋ ಗುರುವಾರಕ್ಕೋ ಸಾಗಿಸಿ. ಎರಡನ್ನೂ ಒಂದೇ ದಿನಕ್ಕೆ ಸೇರಿಸಿದಾಗಲೇ ಎಡವಟ್ಟು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ ಎಂದು ಅಜ್ಜಿ ಹೊಸಿಲು ದಾಟಲು ಬಿಡುವುದಿಲ್ಲ, ಕೆಳಗೆ ಲಾರಿಯವನು ಗಡಿಯಾರ ನೋಡುತ್ತಿರುತ್ತಾನೆ. ಅಜ್ಜಿಗೆ ಎದುರಾಡುವುದಕ್ಕಿಂತ ಗಾಡಿಯನ್ನು ಬೇರೆ ದಿನಕ್ಕೆ ಕರೆಸುವುದು ಸುಲಭ.

ಬೀಗದ ಕೈ

ಹಳೆ ಮನೆ ಬಿಡುವುದು, ಹೊಸ ಮನೆ ಸೇರುವುದು ಒಂದೇ ದಿನ ಆಗಬಾರದು. ಅಲ್ಲಿದ್ದ ಬಾಡಿಗೆದಾರರು ಇನ್ನೂ ಹೊರಟಿಲ್ಲ, ಪೇಂಟ್ ಒಣಗಿಲ್ಲ, ಪ್ಲಂಬರ್ ಬಂದಿಲ್ಲ, ಹೀಗೆ ಏನಾದರೂ ಒಂದು ಇದ್ದೇ ಇರುತ್ತದೆ. 25,000 ರೂಪಾಯಿ ಬಾಡಿಗೆಯ ಮನೆಗೆ ಒಂದು ದಿನದ ಲೆಕ್ಕ ಸುಮಾರು 830 ರೂಪಾಯಿ. ಮೂರು ದಿನ ಎರಡೂ ಮನೆ ಕೈಯಲ್ಲಿದ್ದರೆ 2,500ರ ಆಸುಪಾಸು. ಸಾಮಾನು ತುಂಬಿದ ಲಾರಿಯನ್ನು ಒಂದು ರಾತ್ರಿ ನಿಲ್ಲಿಸಿ, ಮರುದಿನ ಹುಡುಗರನ್ನು ಮತ್ತೆ ಕರೆಸಿ ನೋಡಿ, ಆಗ ಈ ಮೊತ್ತ ಅಗ್ಗ ಅನಿಸುತ್ತದೆ. ಕೀ ಕೈಗೆ ಬಂದ ಮೇಲೆ ಒಮ್ಮೆ ಹೋಗಿ ನಲ್ಲಿ, ಲೈಟು, ಬಾತ್‌ರೂಮ್ ನೋಡಿ ಬನ್ನಿ.

ಬಾಯಿಮಾತಿನ ರೇಟು ಬೇಡ

‘ಟೂ ಬಿಎಚ್‌ಕೆ ಎಷ್ಟು?’ ಎಂದು ಕೇಳಿದರೆ ಬಾಯಿಗೆ ಬಂದ ಒಂದು ಸಂಖ್ಯೆ ಸಿಗುತ್ತದೆ. ಒಬ್ಬರ ಎರಡು ಬೆಡ್‌ರೂಮು ಪಿಕಪ್‌ ಗಾಡಿಯಲ್ಲಿ ಹಿಡಿದರೆ, ಇನ್ನೊಬ್ಬರದು 14 ಅಡಿಯ ಲಾರಿಯಲ್ಲೂ ಮಿಕ್ಕುತ್ತದೆ. ಮನೆಗೆ ಬಂದು ನೋಡಲಿ, ಇಲ್ಲವೇ ವಿಡಿಯೊ ಕಾಲ್‌ನಲ್ಲಿ ಪ್ರತಿ ಕೋಣೆಯನ್ನೂ ತೋರಿಸಿ. ಆಗ ಅಟ್ಟದ ಬಾಗಿಲು ತೆಗೆಯುವುದನ್ನು ಮರೆಯಬೇಡಿ. ಎಲ್ಲ ತುಂಬಿಯಾಯಿತು ಎಂದಮೇಲೆ ಹೊರಬರುವುದು ಅಟ್ಟದ ಸಾಮಾನೇ: ಹಳೆಯ ತೊಟ್ಟಿಲು, ಸೂಟ್‌ಕೇಸು, ಗೊಂಬೆ ಹಬ್ಬದ ಪೆಟ್ಟಿಗೆ, ಟಿವಿ ಬಂದಿದ್ದ ಖಾಲಿ ಡಬ್ಬ. ‘ಮೇಡಂ, ಇದು ಲಿಸ್ಟ್‌ನಲ್ಲಿ ಇರ್ಲಿಲ್ಲ’ ಎಂಬ ಮಾತಿಗೆ ಎದುರುತ್ತರ ಇರುವುದಿಲ್ಲ, ಏಕೆಂದರೆ ನಿಜಕ್ಕೂ ಇರಲಿಲ್ಲ. ಬಾಲ್ಕನಿಯ ಕುಂಡಗಳು, ಪಾರ್ಕಿಂಗ್‌ನಲ್ಲಿಟ್ಟ ಸೈಕಲ್ಲು, ಇನ್ವರ್ಟರ್ ಬ್ಯಾಟರಿ ಎಲ್ಲವೂ ಪಟ್ಟಿಯಲ್ಲಿರಲಿ.

ಆ ಪಟ್ಟಿಯ ಮೇಲೆ ಬರಹದಲ್ಲಿ ಒಟ್ಟು ಮೊತ್ತ ತೆಗೆದುಕೊಳ್ಳಿ. ಅದರೊಳಗೆ ಏನಿದೆ, ಏನಿಲ್ಲ ಎಂದು ಒಂದೊಂದಾಗಿ ಕೇಳಿ: ಗಾಡಿಯ ಅಳತೆ, ಎಷ್ಟು ಜನ, ಎಷ್ಟು ಮಹಡಿ, ಲಿಫ್ಟ್ ಕೆಟ್ಟರೆ ಮಹಡಿಗೆಷ್ಟು, ಕಾಯಬೇಕಾದರೆ ಎಷ್ಟು ಹೊತ್ತಿನ ಮೇಲೆ ಗಂಟೆಗೆಷ್ಟು, ಟೋಲ್ ಯಾರದು, ಮಂಚ ಬಿಚ್ಚಿ ಮತ್ತೆ ಜೋಡಿಸಿ ಕೊಡುತ್ತಾರೆಯೇ. ಎಸಿ, ಗೀಸರ್, ವಾಟರ್ ಫಿಲ್ಟರ್, ಚಿಮಣಿ, ಗೋಡೆಯ ಟಿವಿ ಬಿಚ್ಚುವುದು ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ. ಅದಕ್ಕೆ ಬೇರೆ ಟೆಕ್ನಿಷಿಯನ್ ಬೇಕು, ಅವನು ಹಿಂದಿನ ದಿನವೇ ಬಂದು ಹೋಗಬೇಕು. ಬೆಳಿಗ್ಗೆ ಎಸಿಯವನಿಗಾಗಿ ಲಾರಿ ಕಾಯುವಂತಾದರೆ ಆ ವೇಟಿಂಗ್ ಚಾರ್ಜ್ ನಿಮ್ಮದೇ.

ಪ್ಯಾಕಿಂಗ್, ಲೋಡಿಂಗ್, ಸಾಗಾಟ ಎಲ್ಲ ಒಟ್ಟಾಗಿ ಕೊಡುವ ಸೇವೆಗೆ ಸಾಮಾನ್ಯವಾಗಿ ಶೇ 18ರಷ್ಟು ಜಿಎಸ್‌ಟಿ ಹಾಕುತ್ತಾರೆ. 20,000 ಎಂದು ಒಪ್ಪಿದ್ದು ಸಂಜೆಗೆ 23,600 ಆಗುವುದು ಹೀಗೆ. ಹೇಳಿದ ರೇಟು ತೆರಿಗೆ ಸೇರಿಯೋ ಸೇರದೆಯೋ ಎಂದು ಮೊದಲೇ ಬರೆಸಿಕೊಳ್ಳಿ. ಜಿಎಸ್‌ಟಿ ಸಂಖ್ಯೆ 15 ಅಕ್ಷರ-ಅಂಕಿಗಳದ್ದು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ. ಎರಡು ನಿಮಿಷದ ಕೆಲಸ. ಹೆಸರಾಂತ ಕಂಪನಿಗಳ ಹೆಸರನ್ನೇ ಹೋಲುವ ನಕಲಿಗಳು ಈ ಧಂದೆಯಲ್ಲಿ ಇರುವುದರಿಂದ ಅಷ್ಟು ಮಾಡಲೇಬೇಕು. ಅಡ್ವಾನ್ಸ್ ಚಿಕ್ಕದಿರಲಿ, ದೊಡ್ಡ ಪಾಲು ಕೊನೆಯ ಡಬ್ಬ ಇಳಿದ ಮೇಲೆ.

ವಿಮೆಯ ಹೆಸರಿನಲ್ಲಿ ದುಡ್ಡು ಕೇಳಿದರೆ ವಿಮಾ ಕಂಪನಿ ಕೊಟ್ಟ ಸರ್ಟಿಫಿಕೇಟ್ ಕೇಳಿ. ಪ್ಯಾಕರ್ಸ್‌ನವರ ಲೆಟರ್‌ಹೆಡ್‌ನಲ್ಲಿ ‘ಇನ್ಶೂರೆನ್ಸ್’ ಎಂದು ಬರೆದುಕೊಟ್ಟರೆ ಅದು ಅವರ ಮಾತು, ಪಾಲಿಸಿಯಲ್ಲ.

ಹಿಂದಿನ ರಾತ್ರಿ

ಫ್ರಿಜ್ ಖಾಲಿ ಮಾಡಿ ಆಫ್ ಮಾಡಿ. ಐಸ್ ಕರಗಿದ ನೀರು ಲಾರಿಯಲ್ಲಿ ಹಾಸಿಗೆಗೆ ಇಳಿಯಬಾರದು. ಅದನ್ನು ನಿಲ್ಲಿಸಿಯೇ ಸಾಗಿಸಲು ಹೇಳಿ, ಹೊಸ ಮನೆಯಲ್ಲಿ ಕೆಲವು ಗಂಟೆ ಬಿಟ್ಟು ಆನ್ ಮಾಡಿ. ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್‌ಗೆ ಹಿಂಬದಿಯಲ್ಲಿ ಮೂರೋ ನಾಲ್ಕೋ ಟ್ರಾನ್ಸಿಟ್ ಬೋಲ್ಟ್ ಹಾಕುವ ತೂತುಗಳಿವೆ. ಮೆಷಿನ್ ಬಂದ ದಿನ ಬಿಚ್ಚಿ ಯಾವುದೋ ಡ್ರಾಯರ್‌ಗೆ ಎಸೆದ ಉದ್ದನೆಯ ಬೋಲ್ಟುಗಳು ಅವೇ. ಹಾಕದೆ ಸಾಗಿಸಿದರೆ ಒಳಗಿನ ಡ್ರಮ್ ಕುಲುಕಾಡಿ ರಿಪೇರಿಗೆ ಬರುತ್ತದೆ. ಆ ಖರ್ಚು ಯಾರ ಬಿಲ್ಲಿನಲ್ಲೂ ಕಾಣುವುದಿಲ್ಲ, ತಿಂಗಳ ನಂತರ ನಿಮ್ಮ ಜೇಬಿನಿಂದ ಹೋಗುತ್ತದೆ.

ತುಂಬಿದ ಗ್ಯಾಸ್ ಸಿಲಿಂಡರನ್ನು ಪ್ಯಾಕರ್ಸ್‌ನವರು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಏಜೆನ್ಸಿಗೆ ಮೊದಲೇ ತಿಳಿಸಿ ವರ್ಗಾವಣೆ ಮಾಡಿಸಿಕೊಳ್ಳಿ. ಮಂಚದ ನಟ್ಟು, ಬೋಲ್ಟುಗಳನ್ನು ಜಿಪ್ ಕವರಿಗೆ ಹಾಕಿ ಅದೇ ಮಂಚದ ಹಲಗೆಗೆ ಟೇಪ್ ಹೊಡೆಯಿರಿ. ಡಬ್ಬಗಳ ಮೇಲೆ ‘ಅಡುಗೆಮನೆ’ ಎಂದಷ್ಟೇ ಬರೆದರೆ ಸಾಲದು, ಸಂಖ್ಯೆಯೂ ಬೇಕು. ಇಳಿಸುವಾಗ ‘ಹದಿನೇಳು ಎಲ್ಲಿ?’ ಎಂದು ಕೇಳಬಹುದು, ‘ಒಂದು ಡಬ್ಬ ಎಲ್ಲಿ?’ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಒಡವೆ, ದಾಖಲೆಪತ್ರ, ಲ್ಯಾಪ್‌ಟಾಪ್, ಔಷಧಿ ನಿಮ್ಮ ಕೈಚೀಲದಲ್ಲೇ ಬರಲಿ.

ಆ ದಿನ

ಇಬ್ಬರು ಬೇಕು. ಒಬ್ಬರು ಹಳೆ ಮನೆಯಲ್ಲಿ, ಇನ್ನೊಬ್ಬರು ಹೊಸ ಮನೆಯಲ್ಲಿ ಕೀ ಹಿಡಿದುಕೊಂಡು. ಹುಡುಗರು ಬಂದ ಹೊತ್ತು, ಲಾರಿ ಹೊರಟ ಹೊತ್ತು, ಗೇಟು ಮುಟ್ಟಿದ ಹೊತ್ತು ವಾಟ್ಸ್‌ಆ್ಯಪ್‌ನಲ್ಲಿ ಪ್ಯಾಕರ್ಸ್‌ನವರಿಗೇ ಕಳಿಸುತ್ತಾ ಹೋಗಿ. ಅವರೇ ಎರಡು ಗಂಟೆ ತಡವಾಗಿ ಬಂದಿದ್ದರೆ ವೇಟಿಂಗ್ ಚಾರ್ಜಿನ ಮಾತು ಅಲ್ಲೇ ನಿಲ್ಲುತ್ತದೆ. ಟಿವಿ, ಫ್ರಿಜ್, ಗಾಜಿನ ಟೇಬಲ್ಲಿನ ಫೋಟೊ ಸುತ್ತುವ ಮೊದಲು ತೆಗೆಯಿರಿ. ಹೆಚ್ಚುವರಿ ದುಡ್ಡು ಕೇಳಿದರೆ ಜಗಳ ಬೇಡ, ‘ಬಿಲ್ಲಿಗೆ ಸೇರಿಸಿ, ಯಾತಕ್ಕೆ ಅಂತ ಬರೀರಿ’ ಎನ್ನಿ. ಬರೆಯಲು ಒಪ್ಪದ ಚಾರ್ಜು ಸಾಮಾನ್ಯವಾಗಿ ಅಲ್ಲಿಗೇ ಕರಗುತ್ತದೆ. ಹುಡುಗರಿಗೆ ಮಧ್ಯಾಹ್ನದ ಊಟ, ಕೊನೆಗೆ ಟೀ ಕಾಸು ಕೊಡುವುದು ಬೇರೆ ಮಾತು. ನಾಲ್ಕು ಮಹಡಿ ಗೋದ್ರೇಜ್ ಬೀರು ಹೊತ್ತವರಿಗೆ ಅಷ್ಟು ಸಲ್ಲುತ್ತದೆ.

ಊರಿಂದ ಊರಿಗೆ, ಮೈಸೂರಿನಿಂದ ಪುಣೆಗೋ ಹೈದರಾಬಾದಿಗೋ ಹೋಗುವಾಗ ಲಾರಿಯವರ ರಸೀದಿ, ಅಂದರೆ ಎಲ್‌ಆರ್, ಕೈಗೆ ಬರದೆ ಗಾಡಿ ಬಿಡಬೇಡಿ. ‘ಇ-ವೇ ಬಿಲ್ಲಿಗೆ ಇಷ್ಟು’ ಎಂದು, ಅಂದರೆ ಸರಕು ಸಾಗಣೆಯ ಜಿಎಸ್‌ಟಿ ದಾಖಲೆಯ ಹೆಸರಿನಲ್ಲಿ, ಕೇಳುವವರಿದ್ದಾರೆ. ಬಳಸಿದ ಮನೆಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ ಎಂದು ಜಿಎಸ್‌ಟಿ ನಿಯಮವೇ ಹೇಳುತ್ತದೆ. ಸಾಮಾನಿನ ಮೌಲ್ಯವನ್ನು ರಸೀದಿಯಲ್ಲಿ ಬರೆಸಿ. ರಸ್ತೆ ಸಾಗಣೆ ನಿಯಮಗಳ ಪ್ರಕಾರ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಸಾಗಾಟದ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಹೆಚ್ಚಿನ ಹೊಣೆ ಬೇಕೆಂದರೆ ಮೊದಲೇ ಮೌಲ್ಯ ಘೋಷಿಸಿ, ಅದಕ್ಕೆ ತಕ್ಕ ದರ ಕೊಡಬೇಕು.

ತಕರಾರು ಬಂದರೆ

ಸಾಮಾನು ಇಳಿಸದೆ ಲಾರಿಯಲ್ಲೇ ಇಟ್ಟುಕೊಂಡು ಹೆಚ್ಚು ದುಡ್ಡು ಕೇಳಿದರೆ ಒಪ್ಪಂದದ ಪ್ರತಿ ತೋರಿಸಿ. ಬೆದರಿಕೆಗೆ ಇಳಿದರೆ 112ಕ್ಕೆ ಕರೆ ಮಾಡಿ. ಒಡೆದದ್ದು, ಕಾಣೆಯಾದದ್ದು ಇದ್ದರೆ ಡೆಲಿವರಿ ಪಟ್ಟಿಯ ಮೇಲೆ ಬರೆದೇ ಸಹಿ ಹಾಕಿ. ‘ಎಲ್ಲ ಸರಿಯಿದೆ’ ಎಂಬ ಜಾಗದಲ್ಲಿ ಸುಮ್ಮನೆ ಸಹಿ ಮಾಡಬೇಡಿ. 2007ರ ರಸ್ತೆ ಸಾಗಣೆ ಕಾಯ್ದೆಯಡಿ ಸಾಗಣೆದಾರರ ಮೇಲೆ ದಾವೆ ಹೂಡಬೇಕಾದರೆ ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಸೇವೆಗೆ ಕೊಟ್ಟ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ.

ಇನ್ನು ಕರೆಂಟು. ಬೀಗ ಹಾಕುವ ಮುನ್ನ ಹಳೆ ಮನೆಯ ಮೀಟರಿನ ಫೋಟೊ ತೆಗೆದು ಮಾಲೀಕರಿಗೆ ಕಳಿಸಿ, ಹೊಸ ಮನೆಯದನ್ನೂ ಅದೇ ದಿನ ತೆಗೆಯಿರಿ. ಹಿಂದಿನವರು ಉಳಿಸಿಹೋದ ಬಾಕಿ ಇದೆಯೇ ಎಂದು ಬಿಲ್ಲು ನೋಡಿ. ಗೃಹಜ್ಯೋತಿ ಪಡೆಯುತ್ತಿದ್ದವರು ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಳೆಯ ಆರ್‌ಆರ್ ನಂಬರಿನಿಂದ ತಮ್ಮ ಆಧಾರ್ ಬಿಡಿಸಿಕೊಂಡು, ಹೊಸ ಮನೆಯ ನಂಬರಿಗೆ ಮತ್ತೆ ಅರ್ಜಿ ಹಾಕಬೇಕು. ಹೀಗೆ ಮಾಡದಿದ್ದರೆ ಹೊಸ ಮನೆಯ ಮೊದಲ ಕರೆಂಟ್ ಬಿಲ್ ಪೂರ್ತಿ ನಿಮ್ಮ ಮೇಲೆ ಬರುತ್ತದೆ.