ಕಲಬುರಗಿಯ ಬೇಸಿಗೆಯಲ್ಲಿ ನಿದ್ದೆ ಹತ್ತಬೇಕಾದರೆ

ರಾತ್ರಿ ನಿದ್ದೆ ಹತ್ತಲ್ಲ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಮಲಗುವ ಕೋಣೆಯ ಮೇಲೆ ಏನಿದೆ ಅಂತ. ಬರೀ ಸ್ಲ್ಯಾಬ್ ಇದ್ದರೆ ಅರ್ಧ ಕಾರಣ ಅಲ್ಲೇ ಸಿಕ್ಕಿತು. ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 42-43 ಡಿಗ್ರಿ ಮುಟ್ಟುತ್ತದೆ. ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಆ ಕಾವನ್ನು ಕೆಳಗೆ ಬಿಡುತ್ತದೆ. ನಿದ್ದೆ ಬರಬೇಕಾದರೆ ಮೈಯೊಳಗಿನ ಕಾವು ಸ್ವಲ್ಪ ಇಳಿಯಲೇಬೇಕು. ಅಂಥ ಕೋಣೆಯಲ್ಲಿ ಹೇಗೆ ಇಳಿದೀತು?

ಅದಕ್ಕೆ ಬೆಳಿಗ್ಗೆ ಒಂಬತ್ತರೊಳಗೆ ಕಿಟಕಿ ಹಾಕಿ ಪರದೆ ಎಳೆಯಿರಿ. ಹೊರಗೆ ತಂಪಾದ ಮೇಲೆ ಎದುರುಬದುರು ಕಿಟಕಿ ತೆರೆಯಿರಿ. ಹೊತ್ತು ಮುಳುಗಿದ ಮೇಲೆ ಮಾಳಿಗೆಗೆ ನೀರು ಚಿಮುಕಿಸಿ. ಯುಗಾದಿಗೆ ಮುಂಚೆ ಮಾಳಿಗೆಗೆ ಸುಣ್ಣ ಬಳಿಸಿದರೆ ಇನ್ನೂ ಒಳ್ಳೆಯದು, ಸ್ಲ್ಯಾಬ್ ಅಷ್ಟು ಕಾಯುವುದಿಲ್ಲ. ಕೆಲವರು ಕೂಲರನ್ನೇ ಏಸಿ ಅಂತ ತಿಳಿದು ಕಿಟಕಿ ಮುಚ್ಚಿ ಓಡಿಸುತ್ತಾರೆ! ಗಾಳಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಕೋಣೆಯಲ್ಲಿ ತೇವ ತುಂಬಿ ಮೈ ಅಂಟಂಟಾಗುತ್ತದೆ. ವಾರಕ್ಕೊಮ್ಮೆ ಕೂಲರಿನ ನೀರು ಪೂರ್ತಿ ಚೆಲ್ಲಿ, ತಿಕ್ಕಿ ಒಣಗಿಸಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಲ್ಲೇ. ಶಹಾಬಾದ್ ಫರಸಿಯ ನೆಲವಿದ್ದರೆ ಅದರ ಮೇಲೆ ತೆಳ್ಳಗೆ ಹಾಸಿಕೊಂಡು ಮಲಗಿ, ಹಾಯೆನಿಸುತ್ತದೆ. ಬೆನ್ನುನೋವಿನವರಿಗೆ ಇದು ಬೇಡ.

ಮಲಗುವ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ಕಾಲು ತೊಳೆಯಿರಿ. ಸೆಕೆಗೆ ತಣ್ಣೀರೇ ಬೇಕು ಅನಿಸುತ್ತದೆ, ನಿಜ. ಆದರೆ ಬೆಚ್ಚಗಿನ ನೀರು ತಾಕಿದರೆ ಚರ್ಮದ ರಕ್ತನಾಳ ಅಗಲವಾಗಿ ಒಳಗಿನ ಕಾವು ಹೊರಗೆ ಹೋಗುತ್ತದೆ.

ಇನ್ನು ಚಹಾ. ನಮ್ಮ ಕಡೆ ಯಾರ ಮನೆಗೆ ಹೋದರೂ ಚಹಾ ಕುಡಿಸದೆ ಬಿಡುವುದಿಲ್ಲ, ಅಲ್ವಾ? ಸಂಜೆ ಆರಕ್ಕೆ ಕುಡಿದದ್ದರ ಕೆಫೀನ್ ರಾತ್ರಿ ಹನ್ನೊಂದಕ್ಕೂ ಸುಮಾರು ಅರ್ಧ ಮೈಯಲ್ಲೇ ಇರುತ್ತದೆ. ಸಂಜೆ ಹೊತ್ತಿಗೆ ಮಜ್ಜಿಗೆ ಸಾಕು ಅನ್ನಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಧ್ಯಾಹ್ನ ಅರ್ಧ ತಾಸು ಅಡ್ಡಾದರೆ ಸಾಕು. ರಾತ್ರಿ ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತು ಬದಲಿಸಬೇಡಿ. ಎದ್ದು ಸ್ವಲ್ಪ ಹೊತ್ತು ಅಂಗಳದ ಬೆಳಕಲ್ಲಿ ಓಡಾಡಿ. ಮೈಯೊಳಗಿನ ಗಡಿಯಾರ ಹೊಂದಿಕೊಳ್ಳುವುದು ಬೆಳಕಿಗೇ. ಫೋನಿನ ಬಗ್ಗೆ ಹೇಳಿ ಹೇಳಿ ನನಗೇ ಸಾಕಾಗಿದೆ, ಬಿಡಿ.

ದೊಡ್ಡವರಿಗೆ ಕನಿಷ್ಠ 7 ತಾಸು ನಿದ್ದೆ ಬೇಕು. ಕಡಿಮೆಯಾದರೆ ಸಿಟ್ಟು ಜಾಸ್ತಿ, ಹಸಿವೂ ಜಾಸ್ತಿ. ವರ್ಷಗಟ್ಟಲೆ ಹೀಗೇ ನಡೆದರೆ ಬಿಪಿ, ಶುಗರ್ ಬರುವ ಸಂಭವ ಹೆಚ್ಚು. ಹಾಗಂತ ಪಕ್ಕದ ಮನೆಯವರು ಕೊಟ್ಟ ನಿದ್ದೆ ಗುಳಿಗೆ ಸುಮ್ನೆ ನುಂಗಬೇಡಿ. ಮನೆಯಲ್ಲಿ ಯಾರಾದರೂ ಜೋರಾಗಿ ಗೊರಕೆ ಹೊಡೆಯುತ್ತ, ನಡುವೆ ಉಸಿರು ನಿಂತು ಗಕ್ಕನೆ ಎಚ್ಚರಾಗುತ್ತಿದ್ದರೆ, ಹಗಲೂ ತೂಕಡಿಸುತ್ತಿದ್ದರೆ, ಎಂಥ ಗಾಢ ನಿದ್ದೆ ಅಂತ ನಗಬೇಡಿ. ಡಾಕ್ಟರಿಗೆ ತೋರಿಸಿ.