37 ರೂಪಾಯಿ ಚಿಲ್ಲರೆ ಬಾಕಿ

ನನ್ನ ಮೊದಲ ಪ್ರೇಮ ಕಾದಂಬರಿ ಒಂದು ವಾರಪತ್ರಿಕೆಯಿಂದ ವಾಪಸ್ ಬಂತು. ಅದರಲ್ಲಿ ಬೆಂಗಳೂರಿನ ಸಿರಿವಂತ ಉದ್ಯಮಿ, ಅವನ ಆಫೀಸಿಗೆ ಕೆಲಸ ಕೇಳಿಕೊಂಡು ಬರುವ ಬಡ ಹುಡುಗಿ. ನಾನು ಶಿರಸಿಯ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಉದ್ಯಮಿ ಬೆಳಗ್ಗೆ ಎದ್ದು ಏನು ಮಾಡುತ್ತಾನೆ ಅಂತ ನನಗೆ ಗೊತ್ತಿರಲಿಲ್ಲ. ಹಾಗಾಗಿ ಅವನು 200 ಪುಟವೂ ಕಾಫಿ ಕುಡಿಯುತ್ತಾ ಕಿಟಕಿಯಾಚೆ ನೋಡುತ್ತಿದ್ದ. ವಾಪಸ್ ಬಂದಿದ್ದೇ ಒಳ್ಳೆಯದಾಯ್ತು.

ಎರಡನೆಯದನ್ನು ಮೊಬೈಲಿನಲ್ಲಿ ಕಥೆ ಓದಿಸುವ ಆ್ಯಪ್ ಒಂದರಲ್ಲಿ 32 ಕಂತುಗಳಾಗಿ ಹಾಕಿದೆ. ಈ ಸಲ ಕಣ್ಣೆದುರಿಗೆ ಇದ್ದವರನ್ನೇ ಹಿಡಿದೆ. ನಾಯಕನಿಗೆ 39. ಶಿರಸಿಯಿಂದ ಒಳಗೆ ಎರಡು ಎಕರೆ ಅಡಿಕೆ ತೋಟ, ಹವ್ಯಕ ಬ್ರಾಹ್ಮಣರ ಮನೆ. ನಮ್ಮ ಕಡೆ ತೋಟ ಮಾಡಿಕೊಂಡಿರುವ ಮಾಣಿಗಳಿಗೆ, ಅಂದರೆ ಹುಡುಗರಿಗೆ, ಹೆಣ್ಣು ಸಿಗದ ಕಥೆ ಯಾರಿಗೆ ಗೊತ್ತಿಲ್ಲ? ನಾಯಕಿಗೆ 34. ಬಾಗಲಕೋಟೆ ಜಿಲ್ಲೆಯ ಇಳಕಲ್ ಹತ್ತಿರದ ಹಳ್ಳಿಯವಳು, ಸರ್ಕಾರಿ ಬಸ್ಸಿನ ಕಂಡಕ್ಟರ್. ಮದುವೆ ಮುರಿದಿದೆ. ಒಂಬತ್ತು ವರ್ಷದ ಮಗಳು ಊರಲ್ಲಿ ಅಜ್ಜಿ ಹತ್ತಿರ ಇದ್ದಾಳೆ.

ಈ ಇಬ್ಬರನ್ನು ಹಾಳೆ ಮೇಲೆ ಇಟ್ಟಾಗ ಅರ್ಧ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಜಾತಿ ಬೇರೆ, ಊಟ ಬೇರೆ, ಮಾತು ಬೇರೆ, ಇನ್ನೇನು ಬೇಕು? ಆದರೆ ಮೂರು ಕಂತು ಬರೆದ ಮೇಲೂ ಅವರು ಒಬ್ಬರನ್ನೊಬ್ಬರು ಸುಮ್ನೆ ನೋಡುತ್ತಲೇ ಇದ್ದರು. ಮಾತಾಡಲು ಅವರಿಗೆ ಏನೂ ಕಾರಣ ಇರಲಿಲ್ಲ. ಹತ್ತಿರ ಬರೋಕೆ ದಿನಾ ಒಂದು ಸಣ್ಣ ಕೆಲಸ ಬೇಕು, ಅಲ್ವಾ?

ಆಗ ಬಸ್ ಹತ್ತಿದೆ. ಒಂದು ವಾರ ರಜೆ ಹಾಕಿ, ಒಬ್ಬ ಕಂಡಕ್ಟರ್ ಅಕ್ಕನ ಬಸ್ಸಿನಲ್ಲಿ ಬೆಳಗ್ಗೆ ಹೋಗಿ ಸಂಜೆ ಬಂದೆ. ಮೊದಲ ದಿನವೇ ನನ್ನ ಕಥೆಗೆ ಏಟು ಬಿತ್ತು. ನಾಯಕಿಯದು ವಸ್ತಿ ಬಸ್ಸು, ರಾತ್ರಿ ನಾಯಕನ ಊರಿನಲ್ಲೇ ನಿಲ್ಲುತ್ತದೆ ಅಂತ ಬರೆದಿದ್ದೆ. ಅಕ್ಕ ನಕ್ಕರು. "ನಮ್ಮ ಡಿಪೋದಾಗ ಹೆಣ್ಮಕ್ಕಳಿಗೆ ವಸ್ತಿ ಹಾಕಂಗಿಲ್ರೀ ಅಕ್ಕಾರ." ಬೆಳದಿಂಗಳು, ಜಗಲಿ, ಕಷಾಯ ಎಲ್ಲಾ ಹೋಯ್ತು. ಉಳಿದಿದ್ದು ಸಂಜೆಯ ಟ್ರಿಪ್, ಕೊನೆ ಸ್ಟಾಪಿನಲ್ಲಿ ಬಸ್ ತಿರುಗಿಸಲು ಹಿಡಿಯುವ ಹತ್ತು ನಿಮಿಷ. ಆ ಹತ್ತು ನಿಮಿಷವೇ ಕಾದಂಬರಿ ಆಯ್ತು. ರಾತ್ರಿ ಪೂರ್ತಿ ಕೊಟ್ಟಿದ್ದರೆ ಇಬ್ಬರೂ ಬಹುಶಃ ಕವನ ಹೇಳುತ್ತಿದ್ದರು.

ಎರಡನೇ ದಿನ ಸಿಕ್ಕಿದ್ದು ಚಿಲ್ಲರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಶೂನ್ಯ ಟಿಕೆಟ್. ಅಂದರೆ ಚಿಲ್ಲರೆ ಜಗಳ ಈಗ ಗಂಡಸರ ಜೊತೆ ಮಾತ್ರ. ಕ್ಯೂಆರ್ ಕೋಡ್ ಇದೆ ನಿಜ, ಆದರೆ ನೆಟ್‌ವರ್ಕ್ ಘಟ್ಟದ ತಿರುವಿನಲ್ಲೇ ಇಳಿದುಹೋಗುತ್ತದೆ. ನೂರರ ನೋಟು ಕೊಟ್ಟವನಿಗೆ ಅಕ್ಕ ಟಿಕೆಟ್ ಹಿಂದೆ ಬಾಲ್ ಪೆನ್ನಿನಲ್ಲಿ 37 ಅಂತ ಬರೆದು ಸುತ್ತು ಹಾಕಿದರು. ಬಾಕಿ ಇಸಿದುಕೊಳ್ಳುವಾಗ ಆ ಟಿಕೆಟ್ ಅವರ ಕೈಗೆ ಕೊಡಬೇಕು.

ನಾನೂ ಆ ವಾರದ ಟಿಕೆಟ್‌ಗಳನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಮಳೆಗಾಲ ಕಳೆದು ತೆಗೆದು ನೋಡಿದರೆ ಒಂದೂ ಓದಲು ಬರುತ್ತಿರಲಿಲ್ಲ. ಮಷಿನ್ ಟಿಕೆಟ್ಟಿನ ಕಾಗದ ಶಾಖಕ್ಕೆ ಕಪ್ಪಾಗಿಯೇ ಅಕ್ಷರ ಮೂಡುವಂಥದ್ದು. ಆ ಅಕ್ಷರ ದಿನ ಕಳೆದಂತೆ ಮಾಸಿಹೋಗುತ್ತದೆ. ಊರು, ತಾರೀಕು, ದರ ಎಲ್ಲಾ ಹೋಗಿ ಹಾಳೆ ಬೆಳ್ಳಗಾಗಿತ್ತು. ಹಿಂದೆ ನಾನೇ ಪೆನ್ನಿನಲ್ಲಿ ಬರೆದುಕೊಂಡಿದ್ದ ಅಂಕಿ ಮಾತ್ರ ಹಾಗೇ ಇತ್ತು. ಆ ರಾತ್ರಿಯೇ ಕೂತು 19ನೇ ಕಂತು ಬರೆದೆ. ನಾಯಕ 37 ರೂಪಾಯಿ ಇಸಿದುಕೊಳ್ಳುವುದೇ ಇಲ್ಲ. ಇಸಿದುಕೊಂಡರೆ ಟಿಕೆಟ್ ಅವಳಿಗೆ ವಾಪಸ್ ಕೊಡಬೇಕು. ಹಾಗಂತ ಅವನು ಎಲ್ಲೂ ಹೇಳುವುದಿಲ್ಲ, ನಾನೂ ಹೇಳಲಿಲ್ಲ. ಬೀರುವಿನಲ್ಲಿ ತೋಟದ ಪಹಣಿ ಜೊತೆ ಒಂದು ಬಿಳಿ ಚೀಟಿ ಇತ್ತು ಅಂತ ಬರೆದು ಬಿಟ್ಟೆ.

ಅವರು ಮೊದಲು ಮಾತಾಡುವ ದೃಶ್ಯ ನನ್ನಪ್ಪನ ಕೈಯಿಂದ ಬಂತು. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬಾರದಿರಲಿ ಅಂತ ಮದ್ದು ಹೊಡೆಸುತ್ತೇವೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಡ್ರಮ್ಮಿನಲ್ಲಿ ಕಲಸಿದವರ ಉಗುರು ನಾಲ್ಕು ದಿನ ನೀಲಿ. ಆ ಕೈಯಲ್ಲಿ ನಾಯಕ ನೋಟು ಚಾಚುತ್ತಾನೆ.

"ನೋಟಿಗೆ ಬಣ್ಣ ಹತ್ತೈತಿ, ಬ್ಯಾರೇ ಕೊಡ್ರಿ."

"ಬೇರೆ ಕೊಟ್ಟರೂ ಇದೇ ಕೈಲೇ ಕೊಡಬೇಕಲ್ರಾ."

ಇದಕ್ಕಿಂತ ದೊಡ್ಡ ಪ್ರೇಮ ಸಂಭಾಷಣೆ ನನಗೆ ಬರೆಯಲು ಬರಲಿಲ್ಲ. ಭಾಷೆ ಬಗ್ಗೆ ಒಂದು ಮಾತು. ಮೊದಲು ಇಬ್ಬರಿಂದಲೂ ಪುಸ್ತಕದ ಕನ್ನಡ ಆಡಿಸಿದ್ದೆ, ಎಲ್ಲರಿಗೂ ಅರ್ಥವಾಗಲಿ ಅಂತ. ಓದಿದರೆ ಇಬ್ಬರೂ ನ್ಯೂಸ್ ಓದುವವರ ಹಾಗೆ ಕೇಳಿಸುತ್ತಿದ್ದರು. ಅವರವರ ಮಾತು ಅವರವರಿಗೆ ಕೊಟ್ಟ ಮೇಲೇ ಜೀವ ಬಂತು.

ಎಲ್ಲಕ್ಕಿಂತ ಜಾಸ್ತಿ ತಿದ್ದಿದ್ದು ತಾಯಿಯ ಕಂತುಗಳನ್ನು. ಮೊದಲ ಸಲ ಬರೆದಾಗ ನಾಯಕನ ಅಮ್ಮ ಒಂದು ಹನಿ ಕಣ್ಣೀರು ಹಾಕಿ ಸೊಸೆಯನ್ನು ಅಪ್ಪಿಕೊಂಡಿದ್ದರು. ನನ್ನ ಅತ್ತಿಗೆ ಓದಿ, "ಇಂಥಾ ಅತ್ತೆ ಎಲ್ಲಿ ಸಿಕ್ತಾರೆ ಹೇಳು, ನಾನೂ ಹೋಗಿ ನೋಡಿ ಬರ್ತೆ" ಅಂದಳು. ನಾನು ಜಾತಿಯ ಮಾತನ್ನು ಸಕ್ಕರೆ ಹಾಕಿ ಮುಚ್ಚಿದ್ದೆ. ತಿದ್ದಿದ ಮೇಲೆ ಆ ಅಮ್ಮ ಎಲ್ಲೂ ಬೈಯುವುದಿಲ್ಲ, ಒಪ್ಪಿದೆ ಅಂತಲೂ ಹೇಳುವುದಿಲ್ಲ. ನಾಲ್ಕು ಕಂತು ನಾಯಕಿಗೆ ಚಹಾ ಜಗಲಿಗೇ ಬರುತ್ತದೆ. ಲೋಟ ತೊಳೆದಿಟ್ಟು ಹೋಗುವುದು ಅವಳೇ. ಐದನೆಯದರಲ್ಲಿ ಜೋರು ಮಳೆ. "ಜಗಲಿಗೆ ಇರಚಲು ಹೊಡೀತು, ಒಳಗೆ ಬಾ" ಅನ್ನುತ್ತಾರೆ. ಮಳೆ ನಿಂತ ಮೇಲೆ ಮತ್ತೆ ಜಗಲಿಗೆ ಕಳಿಸುತ್ತಾರೋ ಇಲ್ಲವೋ ಅನ್ನುವುದೇ ಮುಂದಿನ ಕಂತು.

ಇನ್ನು ನಾನು ಮಾಡಿಕೊಂಡ ದೊಡ್ಡ ಎಡವಟ್ಟು. ಕೊನೆಗೆ ಎದೆ ಡವಡವ ಅನ್ನಬೇಕು ಅಂತ ಇಬ್ಬರನ್ನೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕಳಿಸಿದ್ದೆ. 1954ರ ವಿಶೇಷ ವಿವಾಹ ಕಾಯ್ದೆ, 30 ದಿನದ ನೋಟಿಸ್, ಬೋರ್ಡಿನ ಮೇಲೆ ಇಬ್ಬರ ಹೆಸರು, ಊರಿನವರು ಓದುವುದು. ನಾಲ್ಕು ಕಂತು ಬರೆದು ಬೀಗುತ್ತಿದ್ದೆ. ಪರಿಚಯದ ವಕೀಲರೊಬ್ಬರು ಕೇಳಿದರು, "ಇಬ್ಬರೂ ಹಿಂದೂಗಳೇ ಅಲ್ವೇನಮ್ಮಾ? ದೇವಸ್ಥಾನದಲ್ಲಿ ಮದುವೆ ಆಗಿ ಹಿಂದೂ ವಿವಾಹ ಕಾಯ್ದೆಯಲ್ಲೇ ನೋಂದಣಿ ಮಾಡಿಸಬಹುದಲ್ಲ. ಇವರ್ಯಾಕೆ 30 ದಿನ ಕಾಯ್ತಾರೆ?" ನಾಲ್ಕೂ ಕಂತು ಅಳಿಸಿದೆ.

ಅಳಿಸಿ ಕೂತಾಗ ಹೊಳೆದಿದ್ದು ವರ್ಗಾವಣೆ. ನಾಯಕಿ ಮಗಳ ಹತ್ತಿರ ಇರಬೇಕು ಅಂತ ಬಾಗಲಕೋಟೆ ಕಡೆಗೆ ವರ್ಗ ಕೇಳಿ ಅರ್ಜಿ ಹಾಕಿರುತ್ತಾಳೆ, ನಾಯಕ ಪರಿಚಯವಾಗುವ ಮೊದಲೇ. ಎರಡೂ ಊರು ಒಂದೇ ನಿಗಮಕ್ಕೆ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆಗೇ ಸೇರಿದ್ದು, ಹಾಗಾಗಿ ಆಗದ ಮಾತೇನಲ್ಲ. 27ನೇ ಕಂತಿನಲ್ಲಿ ಆದೇಶ ಬರುತ್ತದೆ. 200 ಕಿಲೋಮೀಟರಿಗೂ ಜಾಸ್ತಿ ದೂರ. ಯಾರೂ ಕೆಟ್ಟವರಲ್ಲ, ಯಾರೂ ಅಡ್ಡ ಬಂದಿಲ್ಲ. ಅವಳೇ ಬೇಡಿಕೊಂಡಿದ್ದು ಅವಳ ಕೈಗೆ ಬಂದಿದೆ. ವಿಲನ್ ಇಟ್ಟಿದ್ದರೆ ಅವನನ್ನು ಒದ್ದು ಮುಗಿಸಬಹುದಿತ್ತು. ಇದನ್ನು ಯಾರು ಒದೆಯುತ್ತಾರೆ? ನನಗೇ ಎರಡು ವಾರ ದಾರಿ ಕಾಣಲಿಲ್ಲ. ಕೊನೆಗೆ ಮಗಳನ್ನೇ ಒಂದು ದಸರಾ ರಜೆಗೆ ಶಿರಸಿಗೆ ಕರೆಸಿದೆ. ಆಮೇಲೆ ಏನಾಯ್ತು ಅಂತ ಇಲ್ಲಿ ಹೇಳುವುದಿಲ್ಲ.

ಮುಗಿದ ಮೇಲೆ ಕಂಡಕ್ಟರ್ ಅಕ್ಕನಿಗೆ ಲಿಂಕ್ ಕಳಿಸಿದ್ದೆ. ಡ್ಯೂಟಿ ಮುಗಿಸಿ, ರಾತ್ರಿ ಎರಡೆರಡು ಕಂತಿನ ಹಾಗೆ ಎಲ್ಲಾ ಓದಿದರು. ಒಂದು ದಿನ ಫೋನ್ ಮಾಡಿದರು. ಅತ್ತಿರಬೇಕು, ಈಗ ಹೊಗಳುತ್ತಾರೆ ಅಂತ ನಾನು ಮೆತ್ತಗಾಗಿ ಕಾಯುತ್ತಿದ್ದೆ.

"ಅಕ್ಕಾರ, ಛಲೋ ಬರ್ದೀರಿ. ಆದ್ರ ಆ 37 ರೂಪಾಯಿ? ಅವಾ ಇಸ್ಕೊಳ್ಳಲಿಲ್ಲ ಅಂದ್ರ ಆಕಿ ಬ್ಯಾಗಿನ್ಯಾಗ ಅಷ್ಟು ಜಾಸ್ತಿ ಆತಲ್ರೀ. ಚೆಕಿಂಗ್‌ನವರು ಬಂದಿದ್ರ ಕೇಸ್ ಬರೀತಿದ್ರು. ಆಕಿ ಆ ರೊಕ್ಕ ಎಲ್ಲಿಟ್ಲು?"

ದಿನಾ ಲೆಕ್ಕ ಬರೆಯುವ ನನಗೆ ಇದು ಹೊಳೆದೇ ಇರಲಿಲ್ಲ.